ಖಾಲಿ ಬಿಡಬೇಕಿದ್ದ ಮೂರು ಚೌಕ

ನಾಲ್ಕು ಊರಿನ ಹಾರ

ವಿಲಾಯತಿಯಿಂದ ತಿರುಗಿ ಬಂದ ಮೇಲೆ ನನ್ನನ್ನು ನಾಲ್ಕು ಕಡೆ ಕರೆದು ಹಾರ ಹಾಕಿದರು. ಮೊದಲು ಶಿಗ್ಗಾಂವಿಯಲ್ಲಿ, ಆಮೇಲೆ ಹಾನಗಲ್ಲಿನಲ್ಲಿ, ಹಿರೇಕೆರೂರಿನಲ್ಲಿ, ಕಟ್ಟಕಡೆಗೆ ಸವಣೂರಿನಲ್ಲಿ. ರೇಡಿಯೋ ಅಲೆಗಳಿಂದ ಆಕಾಶದ ಮೇಲ್ಪದರನ್ನು ಅಳೆಯುವ ಕೆಲಸ ಕಲಿತು ಬಂದವರು ನಮ್ಮ ಸೀಮೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೀಗಾಗಿ ನಾನು ಏನು ಹೇಳಿದರೂ ನಡೆಯುತ್ತಿತ್ತು. ಬಾವಿಯ ಆಳ ತಿಳಿಯಲು ಕಲ್ಲು ಹಾಕಿ, ಸಪ್ಪಳ ಕೇಳುವ ತನಕ ಎಣಿಸುತ್ತೀರಲ್ಲ, ಅಲ್ಲಿಯವರು ಅಲೆಯನ್ನು ಮೇಲಕ್ಕೆಸೆದು ಅದು ತಿರುಗಿ ಬರುವ ತನಕ ಎಣಿಸುತ್ತಾರೆ ಎನ್ನುತ್ತಿದ್ದೆ. ಜನ ತಲೆದೂಗುತ್ತಿದ್ದರು. ಅರವತ್ತು ಮೈಲಿನ ಮೇಲೆ ಒಂದು ಪದರು, ನೂರೈವತ್ತು ಇನ್ನೂರು ಮೈಲಿನ ಮೇಲೆ ಇನ್ನೊಂದು, ಅವೆರಡೂ ಬಿಸಿಲಿನಿಂದ ಹುಟ್ಟುವಂಥವು, ಅವು ಅಲೆಯನ್ನು ಕೆಳಕ್ಕೆ ಹೊರಳಿಸುವುದರಿಂದಲೇ ಕಡಲಾಚೆಯ ಸುದ್ದಿ ನಮ್ಮ ರೇಡಿಯೋಕ್ಕೆ ಮುಟ್ಟುತ್ತದೆ ಎಂದರೆ ಇನ್ನೂ ಜೋರಾಗಿ ತಲೆದೂಗುತ್ತಿದ್ದರು.

ಸವಣೂರಿನಲ್ಲಿ ನನ್ನ ಮಾತು ರಂಗೇರಿತು. ಒಂದು ಗುರುವಾರ ನಡುಮಧ್ಯಾಹ್ನ ಸೂರ್ಯನ ಮೈಮೇಲೆ ಏನೋ ಸಿಡಿದು, ಬಿಸಿಲು ಬಿದ್ದ ಅರ್ಧ ಭೂಮಿಯಲ್ಲಿ ಎಲ್ಲಿಯೂ ಅಲೆ ತಿರುಗಿ ಬರದೇ ಹೋದದ್ದನ್ನು ವರ್ಣಿಸಿದೆ. "ಅದನ್ನು ನಾವು ಕಂಡೆವು" ಎಂದೆ. ವೀಳ್ಯದೆಲೆ ತೋಟದ ಹಿರಿಯರೊಬ್ಬರು ಮುಂದಿನ ಸಾಲಿನಿಂದ ಎದ್ದು ನಿಂತು ಕೇಳಿದರು:

"ಆ ಹೊತ್ತಿನ್ಯಾಗ ನೀವ ಖುದ್ದ ಯಂತ್ರದ ಮುಂದ ಕುಂತಿದ್ರೇನ್ರಿ?"

"ಕುಂತಿದ್ದೆರಿ," ಎಂದೆ.

ಚಪ್ಪಾಳೆ ಬಿತ್ತು. ಕೂತಿದ್ದದ್ದು ಸುಳ್ಳಲ್ಲ. ಆದರೆ ಅದನ್ನು ಕಂಡವರು ಬೇರೆ, ಅವರ ಹೆಸರನ್ನು ನಾನು ನಾಲ್ಕೂ ಊರಿನಲ್ಲಿ ಎತ್ತಲಿಲ್ಲ. ಪ್ರವಾಸ ಮಾಡಿ ಬಂದವರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವುದು ರೂಢಿ. ನನಗೆ ಆ ಯೋಗ್ಯತೆ ಇಲ್ಲ. ಹಾರ ಹಾಕಿದ ನಾಲ್ಕೂ ಊರಿನವರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ಹಡಗು

ನಾನು ಹೋದದ್ದು ಮೂವತ್ತರ ದಶಕದ ಕೊನೆಯಲ್ಲಿ. ಯುದ್ಧದ ಮಾತು ಆಗ ಇನ್ನೂ ಪತ್ರಿಕೆಯ ಒಳಪುಟದಲ್ಲಿತ್ತು. ನಮ್ಮೂರು ಹಿರೇಬೆಂಡಿಗೇರಿಯಿಂದ ಹುಬ್ಬಳ್ಳಿಯ ರೈಲಿನ ತನಕ ಅವ್ವ ಬಂದಿದ್ದಳು. ಖಡಕ್ ರೊಟ್ಟಿಯ ಒಂದು ದೊಡ್ಡ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿ ಕೊಟ್ಟು, "ಅಲ್ಲಿ ಮಂದಿ ಏನ ಕೊಟ್ರೂ ಏನಂತ ಕೇಳಿ ತಿನ್ನು. ನಾಚಿಕೊಂಡ ಸುಮ್ಮನ ನುಂಗಬ್ಯಾಡ," ಎಂದಳು. ಹೆತ್ತವಳಿಗೆ ನನ್ನ ಗುಣ ಗೊತ್ತಿತ್ತು.

ಹಡಗಿನಲ್ಲಿ ನನ್ನ ಕೋಣೆಯ ಜೊತೆಗಾರ ಅಸ್ಸಾಮಿನ ಚಹಾ ತೋಟದಿಂದ ರಜೆಗೆ ಹೊರಟಿದ್ದ ಒಬ್ಬ ಬಿಳಿಯ. ದುಂಡಗೆ, ಗಟ್ಟಿಯಾಗಿ, ಒಂದರ ಮೇಲೊಂದು ಜೋಡಿಸಿ ಬಟ್ಟೆಯಲ್ಲಿ ಕಟ್ಟಿದ ನನ್ನ ಗಂಟನ್ನು ಮುಟ್ಟಿ ನೋಡಿ, ಗ್ರಾಮೋಫೋನಿನ ತಟ್ಟೆಗಳೇ ಎಂದು ಕೇಳಿದ. ರೊಟ್ಟಿ ಎಂದರೆ ಏನು ಎಂದು ವಿವರಿಸಬೇಕಲ್ಲ ಎಂಬ ಸಂಕೋಚದಲ್ಲಿ ನಾನು "ಹೌದು" ಎಂದುಬಿಟ್ಟೆ. ಒಮ್ಮೆ ಹೌದೆಂದ ಮೇಲೆ ಅವನ ಎದುರಿಗೆ ಹಾಡು ಮುರಿದು ತಿನ್ನುವುದು ಹೇಗೆ? ಏಡನ್ ಮುಟ್ಟುವ ತನಕ ಸ್ನಾನದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ರೊಟ್ಟಿ ತಿಂದೆ. ಆತ ಪಾಪ ಪ್ರತಿದಿನ, ಹಡಗಿನ ದಿವಾನಖಾನೆಯಲ್ಲಿ ಯಂತ್ರವಿದೆ, ಒಂದು ಹಾಡು ಹಾಕೋಣ ಎಂದು ಕರೆಯುತ್ತಿದ್ದ. ನನಗೆ ತಲೆನೋವು ಎಂದು ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಇದನ್ನು ನಗಲೆಂದೇ ಬರೆದಿದ್ದೇನೆ, ಆದರೆ ಮುಂದಿನದ್ದೂ ಇದೇ ಗುಣದಿಂದ ಆದದ್ದು.

ವಾಕರ್ ಅವರ ಮನೆ

ಇಂಗ್ಲೆಂಡಿನ ಮೂಡಣ ಅಂಚಿನ ಆ ಹಳ್ಳಿಯ ಸುತ್ತ ಗುಡ್ಡ ಎಂಬುದು ಔಷಧಕ್ಕೂ ಇಲ್ಲ. ಶಿಗ್ಗಾಂವಿಯಿಂದ ಹತ್ತಿಮತ್ತೂರಿನ ಕಡೆ ಹೋಗುವಾಗ ಎರೆಹೊಲ ಕಣ್ಣು ಹಾಯುವ ತನಕ ಬಿದ್ದುಕೊಂಡಿರುತ್ತದಲ್ಲ, ಹಾಗೇ ನೆಲ. ಅದು ಸದಾ ಒದ್ದೆಯಾಗಿರುತ್ತದೆ ಎಂಬುದಷ್ಟೇ ವ್ಯತ್ಯಾಸ. ಹಳ್ಳಿಯ ಉತ್ತರಕ್ಕೆ ಐದು ಮೈಲಿನ ಮೇಲೆ ಒಂದು ಹಲಗೆಯ ಕೋಣೆ, ದಕ್ಷಿಣಕ್ಕೆ ಐದು ಮೈಲಿನ ಮೇಲೆ ಇನ್ನೊಂದು. ಎರಡರಲ್ಲೂ ಒಂದೇ ತರಹದ ಯಂತ್ರ, ಒಂದೇ ಹೊತ್ತಿಗೆ ಅಳತೆ. ಎರಡೂ ಕಡೆಯ ಹಾಳೆಗಳು ತಿಂಗಳ ಕೊನೆಗೆ ಲಂಡನ್ನಿಗೆ ಹೋಗುತ್ತಿದ್ದವು. ಅಲ್ಲಿ ಅವನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡುತ್ತಿದ್ದರು. ದಕ್ಷಿಣದ ಕೋಣೆ ನನಗೆ. ಉತ್ತರದ್ದು ವಾಕರ್ ಅವರದು. ನಾನು ಬಾಡಿಗೆಗೆ ಇದ್ದದ್ದೂ ಅವರ ಮನೆಯಲ್ಲೇ. ಬೆಳಿಗ್ಗೆ ಇಬ್ಬರೂ ಒಂದೇ ಬಾಗಿಲಿನಿಂದ ಹೊರಬಿದ್ದು, ಸೈಕಲ್ ಹತ್ತಿ ಆಚೆಗೊಬ್ಬರು ಈಚೆಗೊಬ್ಬರು ಹೋಗುತ್ತಿದ್ದೆವು.

ವಾಕರ್ ಅವರಿಗೆ ಅರವತ್ತು ಹತ್ತಿರ ಬಂದಿತ್ತು. ಹಡಗುಗಳಲ್ಲಿ ವೈರ್‌ಲೆಸ್ ಎಂಬ ತಂತಿಯಿಲ್ಲದ ತಂತಿಯ ಕೆಲಸ ಮಾಡಿ ನೆಲಕ್ಕಿಳಿದವರು. ಅವರ ಮಾತನ್ನು ನಾನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಕೊಡುತ್ತೇನೆ. ಅವರ ಇಂಗ್ಲಿಷು ಪುಸ್ತಕದ್ದಲ್ಲ, ಹೊಲದ್ದು. ಗ್ರಂಥದ ಕನ್ನಡ ತೊಡಿಸಿದರೆ ಅವರು ಪುರಾಣಿಕರಂತೆ ಕಂಡಾರು.

ಅವರ ಹೆಂಡತಿಗೆ ನಾನು ಮನಸ್ಸಿನಲ್ಲಿ ಅಕ್ಕಾರು ಎಂದೇ ಹೆಸರಿಟ್ಟಿದ್ದೆ. ಮಾಂಸ ಒಲ್ಲೆನೆಂದಾಗ ಒಪ್ಪಿದರು. ತತ್ತಿಯನ್ನೂ ಒಲ್ಲೆನೆಂದಾಗ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ತತ್ತಿ ಏನ್ ಎದ್ದ ಓಡಿ ಹೋಗ್ತೈತೇನ? ಅದನ್ಯಾಕ ಒಲ್ಲಿ?"

"ನಮ್ಮ ಮಠದಾಗ ಒಪ್ಪೂದಿಲ್ರಿ."

"ನಿಮ್ಮ ಮಠ ಇಲ್ಲಿಂದ ಎಷ್ಟ ದೂರ ಐತಿ?"

ಅಂದಿನಿಂದ ಎಂಟು ತಿಂಗಳು ಕುದಿಸಿದ ಕೋಬಿ, ಅಂದರೆ ಎಲೆಕೋಸು, ತಿಂದೆ. ಅವರಿಗೆ ಖಾರದ ಗಂಧವೇ ಇರಲಿಲ್ಲ. ಸವಣೂರಿನ ಖಾರ ಒಂದು ಹಿಡಿ ಅವರ ಪಾತ್ರೆಗೆ ಬಿದ್ದಿದ್ದರೆ ಪೊಲೀಸರನ್ನು ಕರೆಸುತ್ತಿದ್ದರೋ ಏನೋ.

ಆ ಜನರ ಇನ್ನೊಂದು ರೂಢಿ ನನಗೆ ಬಹಳ ದಿನ ತಿಳಿಯಲಿಲ್ಲ. ದಾರಿಯಲ್ಲಿ ನಾವೇ ಅವರ ಕಾಲು ತುಳಿದರೂ ಅವರೇ ಕ್ಷಮೆ ಕೇಳುತ್ತಾರೆ. ಚಮಚ ಬಿದ್ದರೆ ಕ್ಷಮೆ, ಸೀನಿದರೆ ಕ್ಷಮೆ. ನಮ್ಮಲ್ಲಿ ಆ ಶಬ್ದವನ್ನು ನಾಟಕದಲ್ಲಿ ಬಿಟ್ಟರೆ ಬಾಯಿಂದ ಕೇಳುವುದಿಲ್ಲ. ಮನುಷ್ಯ ತಪ್ಪು ಮಾಡಿದರೆ ಮರುದಿನ ಏನಾದರೂ ನೆಪ ಮಾಡಿಕೊಂಡು ಮನೆಗೆ ಬಂದು ಚಹಾ ಕುಡಿದು ಹೋಗುತ್ತಾನೆ, ಅಲ್ಲಿಗೆ ಮುಗಿಯಿತು.

ಸಂಜೆ ಆರಕ್ಕೆ ಚಹಾ. ಕುರ್ಚಿ ಎಳೆದುಕೊಳ್ಳುತ್ತಲೇ ವಾಕರ್ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವತ್ತ ಮ್ಯಾಲ ಏನ್ ಕಾಣಿಸ್ತು?" ನಾನು ನನ್ನದು ಹೇಳಬೇಕು, ಅವರು ಅವರದು ಹೇಳುವರು. ನಮ್ಮ ಕಟ್ಟೆಯ ಮೇಲೆ ಮಳೆ ಬೆಳೆ ಮಾತಾಡುವ ಹಾಗೆ ಆ ಮನೆಯಲ್ಲಿ ನೂರೈವತ್ತು ಮೈಲಿನ ಮೇಲಿನ ಮಾತು ನಡೆಯುತ್ತಿತ್ತು. ಆ ವಸಂತದಲ್ಲಿ ಅವರಿಗೆ ಲಂಡನ್ನಿನಿಂದ ಒಂದು ಕಾಗದ ಬಂತು. ನಿಮಗೆ ವಯಸ್ಸಾಯಿತು, ಈ ಮೂರು ತಿಂಗಳ ಹಾಳೆ ನೋಡಿ ನಿಮ್ಮನ್ನು ಮುಂದುವರಿಸುವುದೋ ಬೇಡವೋ ತೀರ್ಮಾನಿಸುತ್ತೇವೆ ಎಂದು. ಅದನ್ನೂ ಅವರು ಚಹಾದ ಹೊತ್ತಿನಲ್ಲೇ ಗಟ್ಟಿಯಾಗಿ ಓದಿ ಹೇಳಿದರು. ಆ ಕೋಣೆ ಬಿಟ್ಟು ಅವರಿಗೆ ಬೇರೆ ಲೋಕ ಇರಲಿಲ್ಲ.

ಹಲಗೆಯ ಕೋಣೆ

ಕೆಲಸ ನೋಡುವುದಕ್ಕೆ ಸರಳ. ಗಾಜಿನ ಪರದೆಯ ಮೇಲೆ ಒಂದು ಹಸಿರು ಗೆರೆ. ಅದರ ಎಡತುದಿಯಲ್ಲಿ ಒಂದು ಉಬ್ಬು, ಅದು ನಾವು ಕಳಿಸಿದ ಅಲೆ. ಬಲಕ್ಕೆ ಸರಿದು ಇನ್ನೊಂದು ಉಬ್ಬು, ಅದು ಮೇಲಿನಿಂದ ತಿರುಗಿ ಬಂದದ್ದು. ಎರಡರ ನಡುವಿನ ಅಂತರ ನೋಡಿ ಎತ್ತರವನ್ನು ಹಾಳೆಯ ಚೌಕದಲ್ಲಿ ಬರೆಯಬೇಕು. ಉಳಿದ ಹೊತ್ತು ಗಂಟೆಗೊಮ್ಮೆ, ನಡುಮಧ್ಯಾಹ್ನದ ಆಸುಪಾಸು ಕಾಲು ಗಂಟೆಗೊಮ್ಮೆ.

ಮೊದಲ ವಾರವೇ ನನ್ನ ಮರ್ಯಾದೆ ಹೋಯಿತು. ಕಂಬದಿಂದ ಇಳಿದ ತಂತಿಯನ್ನು ಯಂತ್ರಕ್ಕೆ ಜೋಡಿಸುವುದನ್ನೇ ಮರೆತು, ಏನೂ ತಿರುಗಿ ಬರುತ್ತಿಲ್ಲವೆಂದು ಅರ್ಧ ದಿನ ಯಂತ್ರದ ಗುಂಡಿಗಳನ್ನು ತಿರುವುತ್ತ ಕೂತೆ. ಅದೇ ದಿನ ಲಂಡನ್ನಿನಿಂದ ನಮ್ಮ ದೊಡ್ಡ ಸಾಹೇಬರು ನೋಡಲು ಬಂದಿದ್ದರು. ಅವರು ಒಂದು ಕೈಯಲ್ಲಿ ಟೊಪ್ಪಿಗೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ತಂತಿ ಸಿಕ್ಕಿಸಿ ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

ವಾಕರ್ ಆ ಸಂಜೆ ಸಮಾಧಾನ ಹೇಳಿದರು. "ಎಲ್ಲಾರಿಗೂ ಆಗೂದ ಅದು. ಏನೂ ಬರಲಿಲ್ಲಂದ್ರ ಚೌಕ ಖಾಲಿ ಬಿಡು. ಬಾಜೂಕ ಯಾಕಂತ ಬರಿ. ಖಾಲಿ ಬಿಡಾಕ ಹೆದರಬ್ಯಾಡ."

ಹೆದರಬೇಡ ಎಂದರೂ ನನಗೆ ಅದು ಒಗ್ಗಲಿಲ್ಲ. ನಮ್ಮಲ್ಲಿ ನೆರೆಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ, ಆ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವುದಿಲ್ಲ. ನಾಲ್ಕು ಕಾಳು ಜೋಳವನ್ನೋ ಚಿಟಿಕೆ ಸಕ್ಕರೆಯನ್ನೋ ಹಾಕಿ ಕೊಡುತ್ತಾರೆ. ಬರಿಯ ಪಾತ್ರೆ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿದರೆ ಅವ್ವ ಕೂಗಿ ಕರೆಯುತ್ತಿದ್ದಳು. ಆ ಕೈ ನನ್ನದು. ಖಾಲಿ ಚೌಕವಿರುವ ಹಾಳೆಯನ್ನು ಸಾಹೇಬರಿಗೆ ಕಳಿಸುವುದೆಂದರೆ ನನ್ನ ದಡ್ಡತನವನ್ನೇ ಅಂಚೆಗೆ ಹಾಕಿದಂತೆ ಅನ್ನಿಸುತ್ತಿತ್ತು. ಸೈಕಲ್ ಕೆಟ್ಟು ತಡವಾದಾಗ ಒಮ್ಮೆ, ಒಲೆಯ ಕಾವಿಗೆ ತೂಕಡಿಸಿದಾಗ ಒಮ್ಮೆ, ಹಿಂದಿನ ಚೌಕ ಮುಂದಿನ ಚೌಕ ನೋಡಿ ನಡುವಿನದನ್ನು ನಾನೇ ತುಂಬಿದೆ. ಯಾರಿಗೂ ತಿಳಿಯಲಿಲ್ಲ. ಊರಿನಲ್ಲಿ ಪಾತ್ರೆಗೆ ಹಾಕುತ್ತಿದ್ದದ್ದು ನಮ್ಮ ಕಣಜದ ಕಾಳು, ಇಲ್ಲಿ ಹಾಕುತ್ತಿರುವುದು ಯಾರ ಹೊಲದಲ್ಲೂ ಬೆಳೆಯದ್ದು ಎಂಬ ಬುದ್ಧಿ ಆಗ ಬರಲಿಲ್ಲ.

ಗುರುವಾರ

ಅಂದು ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಕೋಣೆಯ ಹೊರಗೆ ಉದ್ದ ಬಾಲದ ಕಾಡುಕೋಳಿಗಳು ಮೇಯುತ್ತಿದ್ದವು. ಬಂಕಾಪುರದ ಕೋಟೆಯ ನವಿಲು ಕಂಡವನಿಗೆ ಅವು ಏನೇನೂ ಅಲ್ಲ, ಆದರೂ ಬಾಗಿಲು ತೆರೆದಿಟ್ಟು ನೋಡುತ್ತಿದ್ದೆ. ಹನ್ನೊಂದೂವರೆಯ ಅಳತೆ ಬರೆದೆ. ಹನ್ನೊಂದೂಮುಕ್ಕಾಲಿಗೆ ಪರದೆಯ ಕಡೆ ತಿರುಗಿದರೆ ಬಲಗಡೆಯ ಉಬ್ಬು ಇಲ್ಲ. ಎಡಗಡೆಯದು ಸ್ವಸ್ಥವಾಗಿ ನಿಂತಿದೆ. ನಡುವೆ ಸದಾ ಗುಜುಗುಜು ಎನ್ನುತ್ತಿದ್ದ ಗೆರೆಯೂ ಒರೆಸಿದಂತೆ ಸಪಾಟಾಗಿದೆ.

ಎಡದ ಉಬ್ಬು ಇದೆಯೆಂದರೆ ಯಂತ್ರ ಸರಿಯಿದೆ ಎಂದರ್ಥ. ಮೊದಲ ದಿನವೇ ಹೇಳಿಕೊಟ್ಟ ಪಾಠ. ನನಗೆ ಅದು ನೆನಪಿಗೇ ಬರಲಿಲ್ಲ. ನೆನಪಿಗೆ ಬಂದದ್ದು ಟೊಪ್ಪಿಗೆ ಹಿಡಿದು ನಕ್ಕ ಸಾಹೇಬರ ಮುಖ. ತಂತಿ ಬಿಚ್ಚಿದೆ, ಜೋಡಿಸಿದೆ. ಕಂಬದ ತನಕ ಓಡಿ ಬಂದೆ. ಹನ್ನೆರಡು ಹೊಡೆಯಿತು, ಇಲ್ಲ. ಹನ್ನೆರಡೂಕಾಲು, ಇಲ್ಲ. ಹನ್ನೆರಡೂವರೆಗೆ ಕೊಂಚ ಮೊದಲು ಉಬ್ಬು ತಾನಾಗಿ, ಮೆಲ್ಲಗೆ, ಇದ್ದಲ್ಲೇ ಎದ್ದಿತು. ನಾನೇ ಏನೋ ಕೆಡಿಸಿ ನಾನೇ ಸರಿ ಮಾಡಿದೆನೆಂದುಕೊಂಡು ದೇವರಿಗೆ ಕೈಮುಗಿದೆ. ಆಮೇಲೆ ಪೆನ್ನು ತೆಗೆದು ಮೂರೂ ಚೌಕಗಳನ್ನು ತುಂಬಿದೆ. ಗುಮಾನಿ ಬಾರದಿರಲೆಂದು ಒಂದರಲ್ಲಿ ಸ್ವಲ್ಪ ಹೆಚ್ಚು, ಇನ್ನೊಂದರಲ್ಲಿ ಸ್ವಲ್ಪ ಕಡಿಮೆ ಬರೆಯುವಷ್ಟು ಜಾಣತನವೂ ನನಗಿತ್ತು. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಚಹಾದ ಹೊತ್ತು

ಆ ಸಂಜೆ ವಾಕರ್ ಕುರ್ಚಿ ಎಳೆದುಕೊಳ್ಳಲಿಲ್ಲ. ನಿಂತೇ ಇದ್ದರು.

"ಇವತ್ತ ಮ್ಯಾಲಿಂದ ಏನೂ ಹೊಳ್ಳಿ ಬರಲಿಲ್ಲ ಪಾಟೀಲ. ಮುಕ್ಕಾಲ ತಾಸ. ಯಂತ್ರ ಸರಿ ಇತ್ತು, ತಂತಿ ಸರಿ ಇತ್ತು. ಆಕಾಶನ ಬಾಯಿ ಮುಚ್ಚಿಕೊಂಡಂಗ ಆತು. ಇಷ್ಟ ವರ್ಷದಾಗ ಇಂಥಾದ್ದ ನೋಡಿಲ್ಲ ನಾ."

ಅವರ ಕಣ್ಣು ಹೊಳೆಯುತ್ತಿದ್ದವು.

"ನಿನಗ ಏನ್ ಕಾಣಿಸ್ತು?"

ನಾನು ಹೇಳಬೇಕಿದ್ದದ್ದು ಇಷ್ಟೇ. ನನಗೂ ಬರಲಿಲ್ಲರಿ ಎಂಬ ಎರಡು ಶಬ್ದ. ಆದರೆ ಹಾಳೆ ಆಗಲೇ ತುಂಬಿತ್ತು, ಮಸಿ ಒಣಗಿತ್ತು. ಬರಲಿಲ್ಲವೆಂದರೆ ಮತ್ತೆ ಬರೆದದ್ದು ಹೇಗೆ ಎಂಬ ಪ್ರಶ್ನೆ ಬರುತ್ತದೆ.

"ಬಂತ್ರಿ," ಎಂದೆ.

"ಬಂತು?"

"ಹೌದ್ರಿ. ದಿನಾ ಬಂದಂಗ."

ಅವರು ನನ್ನ ಮುಖವನ್ನು ನೋಡಿದರು. ಗುಮಾನಿಯಿಂದಲ್ಲ, ನಂಬಿಕೆಯಿಂದ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, ಚಸ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳತೊಡಗಿದರು. ಅಕ್ಕಾರು ಕೋಬಿ ಬಡಿಸಿದರು. ನಾನು ಎರಡನೆಯ ಸಲವೂ ಹಾಕಿಸಿಕೊಂಡು ತಿಂದೆ.

ಮುತ್ತಿನಂಥ ಅಕ್ಷರ

ಮುಂದಿನ ತಿಂಗಳ ಮೊದಲ ವಾರ ಲಂಡನ್ನಿನಿಂದ ವಾಕರ್ ಅವರಿಗೆ ಕಾಗದ ಬಂತು. ಇಂಥ ಗುರುವಾರ ನಿಮ್ಮ ಮೂರು ಚೌಕ ಖಾಲಿ ಇವೆ, ದಕ್ಷಿಣದ ಕೋಣೆಯ ಹಾಳೆಯಲ್ಲಿ ಅಳತೆ ಸರಿಯಾಗಿ ಬಂದಿದೆ, ವಿವರಣೆ ಕೊಡಿ ಎಂದು ಬರೆದಿತ್ತು.

"ನಿನ್ನ ಹಾಳ್ಯಾಗ ಐತಿ ಅಂದ ಮ್ಯಾಲ ತಪ್ಪ ನಂದ," ಎಂದರು. ನನ್ನ ಹಾಳೆಯನ್ನು ಅನುಮಾನಿಸುವ ಯೋಚನೆಯೇ ಅವರಿಗೆ ಬರಲಿಲ್ಲ. ಮರುದಿನ ಪೇಟೆಗೆ ಹೋಗಿ ಕಣ್ಣಿನ ಡಾಕ್ಟರನ್ನು ಕಂಡು ಬಂದರು. ಒಂದು ಕಣ್ಣಿನಲ್ಲಿ ಪೊರೆ ಕೂಡಲು ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದರು. ಆ ವಯಸ್ಸಿನವರಿಗೆ ಅದೇನು ದೊಡ್ಡದಲ್ಲ. ಆದರೆ ವಾಕರ್ ಅವರಿಗೆ ಅಷ್ಟೇ ಸಾಕಾಯಿತು.

"ಕಣ್ಣ ಹೋಗಾಕತ್ತಾವ," ಎಂದು ಹೆಂಡತಿಗೆ ಹೇಳಿದರು. "ಕಾಣದ್ದನ್ನ ಕಂಡೇನಿ ಅನ್ನಾವ್ರಿಗಿಂತ, ಇದ್ದದ್ದನ್ನ ಕಾಣಲಿಲ್ಲ ಅನ್ನಾಂವ ಇನ್ನೂ ಕೆಟ್ಟ. ನಾನ ಬಿಟ್ಟ ಬಿಡ್ತೇನಿ. ಅವರ ಕಡಿಂದ ಬಿಡಿಸ್ಕೊಳ್ಳೂದ ಬ್ಯಾಡ."

"ಬಿಟ್ಟ ಏನ್ ಮಾಡ್ತೀ?" ಎಂದರು ಅಕ್ಕಾರು.

ವಾಕರ್ ನನ್ನ ಕಡೆ ತಿರುಗಿ, ಗೀಚಿ ಬರೆದ ಒಂದು ಕಾಗದ ಮುಂದಿಟ್ಟರು. "ನಿನ್ನ ಅಕ್ಷರ ಮುತ್ತಿನಂಗ ಅದಾವ. ನನ್ನವು ಸಾಲ ಬಿಟ್ಟ ಓಡತಾವ. ಇದನ್ನೊಂದೀಟ ಚಂದಾಗಿ ಬರದ ಕೊಡು."

ನಾನು ಬರೆದು ಕೊಟ್ಟೆ. ಓದುವವರು ಇಲ್ಲಿ ಪುಸ್ತಕ ಮುಚ್ಚಿ ಎದ್ದು ಹೋದರೂ ನನಗೆ ಬೇಸರವಿಲ್ಲ. 'ಆ ಗುರುವಾರದ ನನ್ನ ಟಿಪ್ಪಣಿಯನ್ನು ಹೊಡೆದುಹಾಕಬೇಕು. ನನ್ನ ಕಣ್ಣಿನ ದೋಷದಿಂದ ಹಾಗಾಯಿತು. ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕು' ಎಂಬ ಮೂರು ವಾಕ್ಯಗಳನ್ನು, ಅವರ ಮೇಜಿನ ಮೇಲೆ, ಅವರ ಪೆನ್ನಿನಿಂದ, ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಅವರು ಕೆಳಗೆ ಸಹಿ ಹಾಕಿ ನನಗೆ ಉಪಕಾರ ಹೇಳಿದರು.

ಲಂಡನ್ನು

ನಾಲ್ಕು ದಿನ ಬಿಟ್ಟು ಕೋಣೆಗೆ ಅಂಚೆಯಲ್ಲಿ ಒಂದು ಸುತ್ತೋಲೆ ಬಂತು. ಆ ಗುರುವಾರ ಆ ಹೊತ್ತಿನಲ್ಲಿ ಬೇರೆ ದೇಶದ ಕೇಂದ್ರಗಳಲ್ಲೂ, ಹಡಗುಗಳಲ್ಲೂ ಕಿರು ಅಲೆಗಳು ಸತ್ತಂತಾಗಿದ್ದವು, ನಿಮ್ಮಲ್ಲಿ ಏನು ಕಂಡಿತು ಎಂದು ಎಲ್ಲರನ್ನೂ ಕೇಳಿದ್ದರು. ಬಿಸಿಲಿದ್ದ ಇಷ್ಟು ದೊಡ್ಡ ಭೂಮಿಯಲ್ಲಿ ಅಲೆ ತಿರುಗಿ ಬಂದದ್ದು ನನ್ನೊಬ್ಬನ ಹಾಳೆಗೆ.

ಮರುದಿನದ ರೈಲಿಗೆ ಲಂಡನ್ನಿಗೆ ಹೋಗಿ ದೊಡ್ಡ ಸಾಹೇಬರ ಮುಂದೆ ನಿಂತು ಒಪ್ಪಿಕೊಂಡೆ. ಇದರಲ್ಲಿ ಧೈರ್ಯ ಏನೂ ಇಲ್ಲ. ಹೋಗದಿದ್ದರೆ ಅವರೇ ಎರಡು ದಿನದಲ್ಲಿ ಕರೆಸುತ್ತಿದ್ದರು. ಸುತ್ತೋಲೆ ಬಾರದಿದ್ದರೆ ಹೋಗುತ್ತಿದ್ದೆನೇ ಎಂದು ನನ್ನನ್ನು ಕೇಳಬೇಡಿ.

ಸಾಹೇಬರು ನಗಲೂ ಇಲ್ಲ, ಬೈಯಲೂ ಇಲ್ಲ. ನನ್ನ ಹಾಳೆ ತೆಗೆದು ಕೆಂಪು ಸೀಸದಕಡ್ಡಿಯಿಂದ ಮೂರು ಚೌಕ ಹೊಡೆದುಹಾಕಿದರು. ಆಮೇಲೆ ಸೀಸ ಎತ್ತಿ ಹಿಡಿದೇ ಕೇಳಿದರು:

"ಇನ್ನ ಯಾವ್ಯಾವ?"

ನಾನು ನೆನಪು ಮಾಡಿಕೊಂಡು ಎರಡು ತೋರಿಸಿದೆ. ಮೂರನೆಯದು ಯಾವ ದಿನದ್ದೋ ತಿಳಿಯಲಿಲ್ಲ. ನಾಲ್ಕನೆಯದು ಇತ್ತೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. ಅವರು ಸೀಸ ಕೆಳಗಿಟ್ಟು, ನನ್ನ ಅಲ್ಲಿಯ ತನಕದ ಹಾಳೆಗಳನ್ನೆಲ್ಲ ಒಟ್ಟುಗೂಡಿಸಿ ಲಾಡಿ ಕಟ್ಟಿ ಕಪಾಟಿನ ಮೇಲಿಟ್ಟರು. ಚಳಿಯಲ್ಲಿ ಸೈಕಲ್ ತುಳಿದು, ಕೈ ಸೆಟೆದು ಬರೆದ ನೂರಾರು ನಿಜವಾದ ಅಳತೆಗಳೂ ಆ ಕಟ್ಟಿನಲ್ಲಿದ್ದವು.

ವಾಕರ್ ಅವರ ಕಾಗದ ಅಲ್ಲೇ ಮೇಜಿನ ಮೇಲಿತ್ತು. ಸಾಹೇಬರು ಅದನ್ನು ನೋಡಿದರು, ಕಪಾಟಿನ ಮೇಲಿನ ನನ್ನ ಹಾಳೆಗಳನ್ನು ನೋಡಿದರು.

"ಇದೂ ನಿಮ್ಮ ಅಕ್ಷರ ಅಲ್ಲೇನ್ರಿ?"

"ಹೌದ್ರಿ."

"ಅವರಿಗೆ ನೀವ ಹೇಳ್ರಿ. ನಾ ಹೇಳಾಂವಲ್ಲ."

ಹಳ್ಳಿಗೆ ಬಂದು ಹೇಳಿದೆ. ಅಕ್ಕಾರು ಕೈಯಲ್ಲಿದ್ದ ಚಹಾದ ಕಿಟಲಿಯನ್ನು ಒಲೆಯ ಮೇಲೆ ತಿರುಗಿ ಇಟ್ಟರು. ವಾಕರ್ ಎದ್ದು ಹಿತ್ತಿಲಿಗೆ ಹೋಗಿ ಅವರೆಯ ಬಳ್ಳಿಗೆ ನೀರು ಹಾಕಿದರು. ಎಲ್ಲ ಸಾಲಿಗೂ ಹಾಕಿ ಬಂದು, "ಅಂದ್ರ ನನ್ನ ಕಣ್ಣ ಸರಿ ಇದ್ದವು," ಎಂದರು. ನನಗಲ್ಲ, ಹೆಂಡತಿಗೆ ಹೇಳಿದರು.

ಸ್ಟೇಶನ್ನು

ವಾಕರ್ ಅವರ ಕೆಲಸ ಉಳಿಯಿತು. ಅವರ ಮೂರು ಖಾಲಿ ಚೌಕಗಳನ್ನೂ ಬದಿಯ ಟಿಪ್ಪಣಿಯನ್ನೂ ಲಂಡನ್ನಿನವರು ಅವರ ಹೆಸರಿನಿಂದಲೇ ಅಚ್ಚು ಹಾಕಿಸಿದರು. ನನಗೆ ಉಳಿದ ದಿನ ಬೇರೆಯವರ ಹಾಳೆ ನಕಲು ಮಾಡುವ ಕೆಲಸ ಕೊಟ್ಟರು. ಮನೆಯಲ್ಲಿ ಯಾರೂ ಒಂದು ಬಿರುಸು ಮಾತಾಡಲಿಲ್ಲ. ಕೋಬಿ ಅದೇ, ಚಹಾ ಅದೇ. ಆದರೆ ಕುರ್ಚಿ ಎಳೆದುಕೊಂಡು ಮೇಲೆ ಏನು ಕಾಣಿಸಿತು ಎಂದು ವಾಕರ್ ನನ್ನನ್ನು ಮತ್ತೆ ಕೇಳಲಿಲ್ಲ. ಬೆಣ್ಣೆ ಕೊಡು ಎನ್ನುತ್ತಿದ್ದರು, ಮಳೆ ಬಂದೀತು ಎನ್ನುತ್ತಿದ್ದರು.

ಹೊರಟ ದಿನ ನನ್ನ ಟ್ರಂಕನ್ನು ಅವರೇ ಕೈಗಾಡಿಯಲ್ಲಿ ತಳ್ಳಿಕೊಂಡು ಸ್ಟೇಶನ್ನಿಗೆ ಬಂದರು. ತತ್ತಿ ಇಲ್ಲದ ಬುತ್ತಿ ಕಟ್ಟಿ ಕೊಟ್ಟಿದ್ದರು ಅಕ್ಕಾರು. ನಾನು ರೈಲಿನ ಡಬ್ಬಿಯೊಳಗೆ ಕೂತು, ಕಿಟಕಿಯಿಂದ ತಲೆ ಹೊರಹಾಕಿ, ಆ ದೇಶದಲ್ಲಿ ಎಲ್ಲರೂ ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತನ್ನು ಮೊದಲ ಸಲ ಮನಸ್ಸಿನಿಂದ ಹೇಳಿದೆ. "ನನ್ನದ ತಪ್ಪಾತ್ರಿ. ಹೊಟ್ಟ್ಯಾಗ ಹಾಕ್ಕೋರಿ."

ವಾಕರ್ ಕೈಗಾಡಿಯ ಹಿಡಿಯನ್ನು ಸರಿಮಾಡಿ ಒರಗಿಸಿದರು.

"ಹಾಳಿ ಬಗ್ಗೆ ನನಗ ಸಿಟ್ಟಿಲ್ಲ ಪಾಟೀಲ. ಹಾಳಿ ತಿದ್ದಬಹುದು, ತಿದ್ದಿದ್ರು. ಆ ಕಾಗದ ನಿನ್ನ ಕೈಲೆ ಬರಸಿದ್ದೂ ಹೋಗಲಿ, ನಾನ ಹೇಳಿದ್ದೆ. ಆದ್ರ ಆವತ್ತ ನಾ ನಿನ್ನ ಕೇಳಿದ್ದೆ. ನನ್ನ ಮನ್ಯಾಗ, ಮಾರಿ ನೋಡಿ ಕೇಳಿದ್ದೆ."

ಗಾಡಿ ಹೊರಡಲು ಇನ್ನೂ ಏಳು ನಿಮಿಷವಿತ್ತು. ಹೇಳುವುದೆಲ್ಲ ಹೇಳಿದ್ದರೂ ವಾಕರ್ ಹೊರಟು ಹೋಗಲಿಲ್ಲ. ಬೀಳ್ಕೊಡಲು ಬಂದವರು ಗಾಡಿ ಹೋಗುವ ತನಕ ನಿಲ್ಲಬೇಕು ಎಂಬುದು ಅವರ ಪದ್ಧತಿ. ಆ ಏಳು ನಿಮಿಷವೂ ಅವರು ನನ್ನ ಕಿಟಕಿಯ ಹತ್ತಿರ, ನನ್ನ ಕಡೆ ಮುಖ ಮಾಡಿ ನಿಂತೇ ಇದ್ದರು. ನಾನು ಆಚೆ ಬದಿಯ ಕಿಟಕಿ ನೋಡುತ್ತ ಕೂತಿದ್ದೆ.